ಪೆಟ್ರೋಲನ್ನು ಬೈಯುವ ಮೊದಲು ಡೆಲ್ಕೋ ಮುಚ್ಚಳ ತೆಗೆಯಿರಿ ಸ್ವಾಮಿ

ಪುಣೆಯಲ್ಲಿ ಈಗ ಹಳೇ ಕಾರು ಎಲ್ಲೇ ನಿಂತರೂ ಯಾಕೆ ನಿಂತಿತು ಅಂತ ಕೇಳುವವರೇ ಇಲ್ಲ. ಉತ್ತರ ರೆಡಿ ಇದೆ: ಇ20! ಇಂಜಿನ್ ಕೆಮ್ಮಿದರೂ ಇ20, ಸ್ಟಾರ್ಟ್ ಆಗದಿದ್ದರೂ ಇ20, ಸಿಗ್ನಲ್ಲಿನಲ್ಲಿ ಆಫ್ ಆದರೂ ಇ20. ಕೆಲವು ವರ್ಷದ ಹಿಂದೆ ಇದೇ ಗ್ಯಾರೇಜುಗಳಲ್ಲಿ ಬಾನೆಟ್ ಎತ್ತುವ ಮೊದಲೇ "ಕಾರ್ಬೋರೇಟರ್‌ಮಧ್ಯೇ ಕಚರಾ ಆಲಾಯ್" ಅನ್ನುತ್ತಿದ್ದರು. ಕಚರಾ ಇದ್ದ ಜಾಗಕ್ಕೆ ಎಥೆನಾಲ್ ಬಂದಿದೆ, ಅಷ್ಟೇ ವ್ಯತ್ಯಾಸ.

ನಾನು ಇ20 ಪರ ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. 2023ರ ಫೆಬ್ರವರಿಯಲ್ಲಿ ಆಯ್ದ ಬಂಕುಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶವಿಡೀ ಮಾಮೂಲಿಯಾಯಿತು. (ನಮ್ಮ ಅಥಣಿ, ಮುಧೋಳದ ಕಬ್ಬು ಪುಣೆಯ ಟ್ಯಾಂಕಿನಲ್ಲಿ ಉರಿಯುತ್ತಿದೆ ಅನ್ನುವ ಹೆಮ್ಮೆ ಬೇಕಾದವರು ಪಡಲಿ.) ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಇ20ಗೆ 13.5ರ ಆಸುಪಾಸು ಸಾಕು. ಇಂಜೆಕ್ಷನ್ ಇರುವ ಕಾರು ಸೆನ್ಸರ್ ನೋಡಿ ಸರಿಮಾಡಿಕೊಳ್ಳುತ್ತದೆ, ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ. ಮೊದಲಿನ ಅಳತೆಯಲ್ಲೇ ಸುರಿಯುತ್ತದೆ, ಮಿಶ್ರಣ ತೆಳುವಾಗುತ್ತದೆ. ಹಳೇ ರಬ್ಬರ್ ಪೈಪು, ಡಯಾಫ್ರಾಮು ಉಬ್ಬಿ ಬಿರಿಯುತ್ತವೆ. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಲ್ಲ ನಿಜ. ಹಳೇ ಗಾಡಿಯವರಿಗೆ ಬೇರೆ ಪೆಟ್ರೋಲ್ ಸಿಗಬೇಕು ಅನ್ನುವ ಜಗಳ ನ್ಯಾಯವಾದದ್ದೇ.

ಆದರೆ ಪ್ರತಿ ಕಾಯಿಲೆಗೂ ಒಂದು ಲಕ್ಷಣ ಇರುತ್ತದಲ್ಲ? ಜ್ವರ, ಮುರಿದ ಕಾಲು ಎರಡಕ್ಕೂ ಒಂದೇ ಮಾತ್ರೆ ಕೊಡುವ ಡಾಕ್ಟರ ಹತ್ತಿರ ನೀವು ಹೋಗುತ್ತೀರಾ? ಕಾರಿನ ವಿಷಯದಲ್ಲಿ ಮಾತ್ರ ಹೋಗುತ್ತೀರಿ, ದುಡ್ಡೂ ಕೊಟ್ಟು ಬರುತ್ತೀರಿ.

ನನ್ನ ಗೆಳೆಯರೊಬ್ಬರ ಕಾರಿನ ಕತೆ ಹೇಳಿದರೆ ನನ್ನ ಸಿಟ್ಟು ಅರ್ಥವಾದೀತು. ಹುಬ್ಬಳ್ಳಿ ಕಡೆಯವರು, ನನ್ನ ಹಾಗೆ ಎಂಬತ್ತರ ದಶಕದಲ್ಲಿ ಪಿಂಪ್ರಿಗೆ ನೌಕರಿಗೆ ಬಂದು ಇಲ್ಲೇ ಉಳಿದವರು. ಅವರ ಹತ್ತಿರ 1966ರ ಎಂಜಿಬಿ ಇದೆ. ಎರಡು ಸೀಟು, 1798 ಸಿಸಿ, ಎರಡು ಎಸ್‌ಯು ಕಾರ್ಬೋರೇಟರ್. ಕಳೆದ ವರ್ಷ ಇದು ಓಡುತ್ತ ಓಡುತ್ತ ಫಟ್ ಅಂತ ಆಫ್ ಆಗತೊಡಗಿತು. ವಾರಕ್ಕೊಮ್ಮೆ, ಕೆಲವೊಮ್ಮೆ ದಿನಕ್ಕೆ ಎರಡು ಸಲ. ಮತ್ತೆ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟು!

ಇಂಥ ಬಂದುಹೋಗುವ ಕಾಯಿಲೆಯೇ ಮೆಕ್ಯಾನಿಕ್ಕಿಗೆ ಹಬ್ಬ. ಗ್ಯಾರೇಜಿನಲ್ಲಿ ಕಾರು ಸರಿಯಾಗೇ ಇರುತ್ತದೆ, ಹಾಗಾಗಿ ಏನು ಬದಲಿಸಿದರೂ "ಸರಿಹೋಯ್ತು" ಅನ್ನಬಹುದು. ಮೂರು ತಿಂಗಳಲ್ಲಿ ಪೆಟ್ರೋಲ್ ಪಂಪು ಹೊಸದು, ಇಗ್ನಿಷನ್ ಕಾಯಿಲ್ ಹೊಸದು, ಪ್ಲಗ್ಗು ಎರಡು ಸೆಟ್ಟು, ಎರಡೂ ಕಾರ್ಬೋರೇಟರ್ ಬಿಚ್ಚಿ ಜೋಡಿಸಿದ್ದು ಎರಡು ಸಲ. ಕೊನೆಗೆ ತೀರ್ಪು ಬಂತು: "ಸಾಹೇಬ್, ಈ ಇಂಜಿನ್ನಿಗೆ ಇ20 ಆಗಿಬರಲ್ಲ. ಎತ್ತಿ ಬಿಸಾಕಿ, ಮಾರುತಿ ಇಂಜಿನ್ ಕೂರಿಸೋಣ."

ಇದು ಬರೀ ದುಡ್ಡಿನ ಮಾತಲ್ಲ. ಈ ಕಾರು ಎಲ್ಲಿ ನಿಲ್ಲುತ್ತಿತ್ತು ಗೊತ್ತೆ? ಸಾತಾರಾ ಕಡೆಯಿಂದ ಬರುವಾಗ ಕಾತ್ರಜದ ಹೊಸ ಟನಲ್ ದಾಟಿ ನವಲೆ ಬ್ರಿಡ್ಜಿಗೆ ಇಳಿಯುವ ದಾರಿಯಲ್ಲಿ. ಊರಿಂದ ಪುಣೆಗೆ ವಾಪಸಾಗುವ ನಮ್ಮವರೆಲ್ಲ ಆ ಇಳಿಜಾರನ್ನು ಬಲ್ಲರು. 2022ರ ನವೆಂಬರಿನಲ್ಲಿ ಒಂದು ಟ್ಯಾಂಕರ್ ಅಲ್ಲೇ ಹತ್ತಾರು ವಾಹನಗಳಿಗೆ ಗುದ್ದಿತ್ತು. ಅಂಥ ಕಡೆ ಮೊಣಕಾಲೆತ್ತರದ ಕಾರು ಆಫ್ ಆಗಿ ನಿಂತರೆ, ಹಿಂದಿನ ಲಾರಿಯ ಡ್ರೈವರಿಗೆ ಅದು ಕಾಣುವುದೂ ಕಷ್ಟ.

ಮೂರು ತಿಂಗಳಲ್ಲಿ ಒಬ್ಬನೇ ಒಬ್ಬ ಮೆಕ್ಯಾನಿಕ್ ಕೇಳದ ಪ್ರಶ್ನೆಯನ್ನು ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತ ಕೇಳಿದೆ: ಯಾವಾಗ ನಿಲ್ಲುತ್ತದೆ? ಗೆಳೆಯರು "ಬಿಸಿಯಾದಾಗ" ಅಂದರು. ಪಕ್ಕದ ಸೀಟಿನಲ್ಲಿ ಯಾವಾಗಲೂ ಕೂರುವ ವೈನಿಯವರು ಒಳಗಿನಿಂದಲೇ ಹೇಳಿದರು: "ಬಿಸಿ ಅಲ್ಲರೀ. ಏರು ಹತ್ತೋವಾಗ ಎಂದೂ ನಿಂತಿಲ್ಲ ನೋಡ್ರಿ. ಏರು ಮುಗದು ಇವರು ಕಾಲು ಸಡ್ಲ ಬಿಟ್ಟ ಮ್ಯಾಲೆ ನಿಂದರ್ತದ. ಆ ಮುಳ್ಳು ಒಮ್ಮೆಲೇ ಸೊನ್ನಿಗೆ ಬೀಳ್ತದ."

ಅಷ್ಟರಲ್ಲಿ ಮುಕ್ಕಾಲು ಪಾಲು ಪತ್ತೆ ಮುಗಿದಿತ್ತು. ಯಾಕೆ ಅಂತೀರಾ? ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಸಿಕ್ಕಿಕೊಳ್ಳುವ ತೊಂದರೆ (ನಮ್ಮವರು ಏರ್ ಲಾಕ್ ಅನ್ನುವುದು) ಏರಿನಲ್ಲಿ ಅಥವಾ ಟ್ರಾಫಿಕ್ಕಿನಲ್ಲಿ ಬರಬೇಕು, ಇಳಿಜಾರಿನ ತಂಪು ಗಾಳಿಯಲ್ಲಲ್ಲ. ಬಂದರೂ ಇಂಜಿನ್ ಮುಕ್ಕರಿಸಿ, ಜಗ್ಗಾಡಿ ಸಾಯುತ್ತದೆ. ಮತ್ತೆ ಸ್ಟಾರ್ಟ್ ಆಗಲು ಅದು ಆರುವವರೆಗೆ ಕಾಯಬೇಕು. ಕಾಯಿಲ್ ಬಿಸಿಗೆ ಕೈಕೊಟ್ಟರೂ ಹಾಗೇ, ಕಾಯದೆ ಗತಿಯಿಲ್ಲ. ಇಲ್ಲಿ ಸ್ವಿಚ್ ಆರಿಸಿದ ಹಾಗೆ ನಿಂತು ತಕ್ಷಣ ಸ್ಟಾರ್ಟ್ ಆಗುತ್ತಿದೆ. ಮೇಲಾಗಿ ಈ ಕಾರಿನ ಆರ್‌ಪಿಎಂ ಮುಳ್ಳು ಇಗ್ನಿಷನ್ ಕರೆಂಟಿನಿಂದಲೇ ನಡೆಯುವಂಥದ್ದು. ಗೇರಿನಲ್ಲಿ ಕಾರು ಇನ್ನೂ ಉರುಳುತ್ತಿದೆ, ಇಂಜಿನ್ ತಿರುಗುತ್ತಿದೆ, ಮುಳ್ಳು ಮಾತ್ರ ಸೊನ್ನೆಗೆ ಬಿತ್ತು ಅಂದರೆ ಕಡಿದದ್ದು ಪೆಟ್ರೋಲಲ್ಲ, ಕರೆಂಟು.

ಸರಿ, ಕಾಲು ಸಡಿಲಿಸಿದಾಗಲೇ ಯಾಕೆ? ಡೆಲ್ಕೋ (ಡಿಸ್ಟ್ರಿಬ್ಯೂಟರಿಗೆ ಗ್ಯಾರೇಜಿನ ಹೆಸರು) ಒಳಗೆ ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಾಗಿರುವುದಿಲ್ಲ. ಕಾರ್ಬೋರೇಟರಿನಿಂದ ಒಂದು ಸಣ್ಣ ನಳಿಗೆ ಬರುತ್ತದೆ, ಅದರ ಎಳೆತಕ್ಕೆ ತಟ್ಟೆ ತುಸು ತಿರುಗಿ ಕಿಡಿಯ ಸಮಯ ಹಿಂದೆಮುಂದೆ ಮಾಡುತ್ತದೆ. ಏರಿನಲ್ಲಿ ಪೂರಾ ಒತ್ತಿದಾಗ ಎಳೆತ ಕಡಿಮೆ, ಹಗುರಾಗಿ ಕಾಲಿಟ್ಟು ಓಡಿಸುವಾಗ ಜಾಸ್ತಿ. ಪಾಯಿಂಟಿಗೆ ಕರೆಂಟ್ ತರುವ ಗೇಣುದ್ದವೂ ಇಲ್ಲದ ಒಂದು ವೈರು ತಟ್ಟೆಯ ಜೊತೆ ಅರವತ್ತು ವರ್ಷ ಬಾಗಿ ಬಾಗಿ, ಮೇಲಿನ ಹೊದಿಕೆ ನೆಟ್ಟಗಿದ್ದೂ ಒಳಗಿನ ತಾಮ್ರದ ಎಳೆಗಳು ತುಂಡಾಗಬಹುದು. ತಟ್ಟೆ ತಿರುಗಿದರೆ ತುದಿಗಳು ಬೇರೆಯಾಗುತ್ತವೆ, ಇಂಜಿನ್ ಆಫ್. ಇಂಜಿನ್ ನಿಂತರೆ ಎಳೆತವಿಲ್ಲ, ತಟ್ಟೆ ವಾಪಸ್, ತುದಿಗಳು ಮತ್ತೆ ಮುಟ್ಟುತ್ತವೆ.

ಪರೀಕ್ಷೆಗೆ ಖರ್ಚು ಸೊನ್ನೆ. ಇಂಜಿನ್ ಸ್ಟಾರ್ಟ್ ಮಾಡಿ ಬಿಟ್ಟೆವು, ನಳಿಗೆಯನ್ನು ಕಾರ್ಬೋರೇಟರ್ ಕಡೆಯಿಂದ ಬಿಡಿಸಿ ನಾನು ಬಾಯಿಂದ ಜೋರಾಗಿ ಎಳೆದೆ. ಇಂಜಿನ್ ಆಫ್. ಬಿಟ್ಟು ಸ್ಟಾರ್ಟ್ ಮಾಡಿ ಮತ್ತೆ ಎಳೆದೆ. ಮತ್ತೆ ಆಫ್. ಮುಚ್ಚಳ ತೆಗೆದು ವೈರನ್ನು ಎಳೆದರೆ ರಬ್ಬರಿನ ಹಾಗೆ ಹಿಗ್ಗಿತು! ಒಳಗೆ ತಾಮ್ರವೇ ತುಂಡಾಗಿತ್ತು. ಮೆತ್ತನೆಯ ಹೊಸ ವೈರು ಬೆಸುಗೆ ಹಾಕಿದ್ದಕ್ಕೆ ಆದ ಖರ್ಚು ಆವತ್ತಿನ ಚಹಾಕ್ಕಿಂತ ಕಡಿಮೆ.

ಎಲ್ಲ ಕಾರಿಗೂ ಇದೇ ವೈರು ಅಂತ ಹೇಳಹೊರಟರೆ ನಾನೂ ಅದೇ ಮೆಕ್ಯಾನಿಕ್ಕನ ಸಾಲಿಗೆ ಸೇರಿದೆ. ಟ್ಯಾಂಕಿನ ಗಾಳಿಕಿಂಡಿ ಕಟ್ಟಿದ್ದರೆ ಮುಚ್ಚಳ ತೆರೆದಾಗ ಸುಯ್ ಅನ್ನುತ್ತದೆ. ಇಗ್ನಿಷನ್ ಸ್ವಿಚ್ ಮೇಲೆ ಅನುಮಾನ ಇದ್ದರೆ ಬ್ಯಾಟರಿಯಿಂದ ಕಾಯಿಲಿಗೆ ನೇರ ಒಂದು ವೈರು ಎಳೆದು ಓಡಿಸಿ ನೋಡಬಹುದು (1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ಥ್ ಆಗಿರುತ್ತದೆ, ಹುಷಾರು). ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರ ಸ್ಟಾರ್ಮ್ ನೆನಪಿದೆಯಾ, ಎರಡು ಸೀಟಿನ ಫೈಬರ್ ಬಾಡಿಯ ಕಾರು? ಅದಕ್ಕೆ ರೆನೊ ಇಂಜಿನ್. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಅಂಥ ಕಾರು ನಿಂತರೆ ನಾನು ಮೊದಲು ಅರ್ಥ್ ವೈರುಗಳನ್ನು ನೋಡುತ್ತೇನೆ. ಕೇಳಬೇಕಾದ ಪ್ರಶ್ನೆ ಮಾತ್ರ ಎಲ್ಲ ಕಡೆ ಒಂದೇ: ನಿಂತ ಕ್ಷಣದಲ್ಲಿ ಇಲ್ಲದ್ದು ಯಾವುದು, ಕಿಡಿಯೋ ಪೆಟ್ರೋಲೋ? ಡಿಕ್ಕಿಯಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಂಡರೆ ರಸ್ತೆ ಬದಿಯಲ್ಲೇ ಉತ್ತರ ಸಿಗುತ್ತದೆ.

ಇನ್ನು ಇಂಜಿನ್ ಎತ್ತಿ ಬಿಸಾಕುವ ಸಲಹೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಅದು ಸಿಗುತ್ತದೆ. ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಆಗಿರಬಾರದು. ಮಾರುತಿ ಇಂಜಿನ್ ಕೂರಿಸಿದ ದಿನವೇ ಆ ಬಾಗಿಲು ಮುಚ್ಚಿತು. ಒಂದು ತುಂಡು ವೈರಿಗೋಸ್ಕರ!

"ನಿಮಗೇನು ಸಾರ್, ಟೈಮ್ ಇದೆ. ಹುಡುಕೋ ಕೆಲಸಕ್ಕೆ ಗಿರಾಕಿ ದುಡ್ಡು ಕೊಡಲ್ಲ, ಪಾರ್ಟ್ ಹಾಕಿದರೆ ಕೊಡ್ತಾರೆ" ಅಂತ ಒಬ್ಬ ಮೆಕ್ಯಾನಿಕ್ ನನಗೇ ಹೇಳಿದ. ಇಡೀ ಜಗಳದಲ್ಲಿ ನನ್ನ ಬಾಯಿ ಕಟ್ಟಿದ ಮಾತು ಇದೊಂದೇ. ನಾನಾ ಪೇಠೆಯ ಡಬ್ಬಿ, ರಸೀದಿ ಕಂಡರೆ ನಾವು ಚೌಕಾಸಿ ಮಾಡದೆ ಕೊಡುತ್ತೇವೆ. ಎರಡು ತಾಸು ಬಗ್ಗಿ ನೋಡಿ "ಏನೂ ಬದಲಿಸೋದು ಬೇಡ, ಈ ವೈರು ಸಾಕು" ಅಂದವನಿಗೆ ಐವತ್ತು ರೂಪಾಯಿ ತುರುಕಿ ಹೊರಡುತ್ತೇವೆ. ಮುಂದಿನ ಸಲ ಕಾರು ಬಿಡುವಾಗಲೇ ಹೇಳಿ ನೋಡಿ: ಪತ್ತೆ ಮಾಡಿದ್ದಕ್ಕೆ ಇಷ್ಟು, ಪಾರ್ಟ್ ಹಾಕಿದರೂ ಹಾಕದಿದ್ದರೂ ಅಷ್ಟೇ. ನನ್ನ ಗೆಳೆಯರು ಈಗ ಹಾಗೇ ಮಾಡುತ್ತಿದ್ದಾರೆ. ಇ20ಗೆ ತಾಳುವ ರಬ್ಬರ್ ಪೈಪನ್ನೂ ಹಾಕಿಸಿದ್ದಾರೆ.