ವೈದ್ಯಕೀಯ ಪ್ರವೇಶವೂ ಒಂದನೆಯ ತರಗತಿಯೂ

ಕನಕಪುರ ರಸ್ತೆಯ ತಲಘಟ್ಟಪುರವನ್ನು ರೇಷ್ಮೆ ಸಂಶೋಧನಾ ಸಂಸ್ಥೆಯ ಬಳಿಯ ಹಳ್ಳಿಯೆಂದೇ ಬಲ್ಲ ಹಿರಿಯರು ಇನ್ನೂ ಇದ್ದಾರೆ. 2021ರ ಜನವರಿಯಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂದಿತು. ಬೆಳಗಿನ ಗಾಡಿಯಲ್ಲಿ ಬನಶಂಕರಿ, ಜಯನಗರಗಳ ಕಡೆಗೆ ಹೊರಡುವ ಪದವಿಪೂರ್ವ ತರಗತಿಯ ಹುಡುಗ ಹುಡುಗಿಯರ ಚೀಲಗಳಲ್ಲಿ ಈಗ ಕಾಲೇಜಿನ ಪುಸ್ತಕಗಳಿಗಿಂತ ತರಬೇತಿ ಕೇಂದ್ರಗಳ ಪ್ರಶ್ನೆಗಳ ಕಟ್ಟುಗಳೇ ಹೆಚ್ಚು ಭಾರ. ವೈದ್ಯಕೀಯ ಕಾಲೇಜಿಗೆ ಹಾಕುವ ಅರ್ಜಿಯನ್ನು ಬಲಪಡಿಸುವುದು ಹೇಗೆಂಬುದೇ ಇವರ ತಂದೆತಾಯಂದಿರ ಪ್ರಶ್ನೆ. ಈ ಪ್ರಶ್ನೆಯು ಹತ್ತು ವರ್ಷ ತಡವಾಗಿ ಹುಟ್ಟುತ್ತಿರುವುದೆಂದು ನಮ್ಮ ಅಭಿಪ್ರಾಯ. ಆ ತಡಕ್ಕೆ ತಂದೆತಾಯಂದಿರು ಹೊಣೆಗಾರರಲ್ಲ.

ನಮ್ಮಲ್ಲಿ ಅರ್ಜಿಯೆಂದರೆ ಏನು? ನೀಟ್ ಪರೀಕ್ಷೆಯ ಸ್ಥಾನ, ಅದರೊಡನೆ ಒಂದು ಕಂತೆ ಪ್ರಮಾಣಪತ್ರ, ಇಷ್ಟೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಡಿತ. ಎರಡು ವರ್ಷದ ಪದವಿಪೂರ್ವ ವ್ಯಾಸಂಗಕ್ಕೆ ಇದರಲ್ಲಿ ಬಾಗಿಲು ಕಾಯುವವನ ಸ್ಥಾನ ಮಾತ್ರ ಉಂಟು: ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ ಐವತ್ತು ಬಂದರೆ ಸಾಕು, ಮಿಕ್ಕದ್ದನ್ನು ಯಾರೂ ಕೇಳರು. 2022ರಲ್ಲಿ ವಯಸ್ಸಿನ ಮೇಲ್ಮಿತಿಯನ್ನು ತೆಗೆದುದರಿಂದ ಬಿ.ಎಸ್‌ಸಿ. ಓದುತ್ತಿರುವವರೂ ಮರಳಿ ಪರೀಕ್ಷೆಗೆ ಕೂಡಬಹುದು. ಆದರೆ ಅವರು ಪದವಿ ತರಗತಿಯಲ್ಲಿ ಕಲಿತುದಕ್ಕೆ ಒಂದು ಅಂಕವೂ ಸಲ್ಲುವುದಿಲ್ಲ.

ಪ್ರಮಾಣಪತ್ರಗಳ ಕಂತೆಯ ಕಥೆಯೇ ಬೇರೆ. ರಾಜ್ಯದ ಪಾಲಿನ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15ರಷ್ಟೂ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟೂ ಮೀಸಲುಂಟು. ಹತ್ತು ವರ್ಷವೆಂದರೆ ಪೂರ್ಣ ಹತ್ತು ವರ್ಷ, ಒಂಬತ್ತಕ್ಕೆ ಬೆಲೆಯಿಲ್ಲ. ಹೀಗಿರಲು ಐದನೆಯ ತರಗತಿಯಲ್ಲಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸಿದ ತಂದೆಯು, ತಾನರಿಯದೆ ಒಂದು ಬಾಗಿಲನ್ನು ಮುಚ್ಚಿ ಬಂದಿರುತ್ತಾನೆ. ಅರ್ಜಿಯ ಮೊದಲ ಸಾಲು ಬರೆಯಲ್ಪಡುವುದು ಆರನೆಯ ವಯಸ್ಸಿನಲ್ಲಿ. ಈ ಮಾತನ್ನು ಆ ದಿನ ಅವನಿಗೆ ಹೇಳುವವರು ಯಾರಿದ್ದಾರೆ?

ತಲಘಟ್ಟಪುರದವರಿಗೆ ಇನ್ನೊಂದು ವಿಶೇಷ ಕಷ್ಟವುಂಟು. 2007ರಲ್ಲಿ ಬೃಹತ್ ಬೆಂಗಳೂರು ರಚಿತವಾದಾಗ ಸುತ್ತಲಿನ 110 ಗ್ರಾಮಗಳು ನಗರದ ಎಲ್ಲೆಯೊಳಕ್ಕೆ ಬಂದವು. ಈ ಭಾಗವೂ ನಗರವೆನಿಸಿತು. ಒಂದು ಅಧಿಸೂಚನೆಯಿಂದ ಊರಿನ ಹೆಸರಿನ ಮುಂದಿನ ವರ್ಗ ಬದಲಾಯಿತೇ ವಿನಾ ಶಾಲೆಯ ಉಪಾಧ್ಯಾಯರ ಸಂಖ್ಯೆಯಾಗಲಿ ಪ್ರಯೋಗಶಾಲೆಯಾಗಲಿ ಅಂದೇ ಬದಲಾಗಲಿಲ್ಲ. ಇಂದು ಎಲ್ಲೆಯಿಂದಾಚೆ ಖಾಸಗಿ ಶಾಲೆಯಲ್ಲಿ ಓದಿದ ಮಗುವು ಉಳಿದ ನಿಬಂಧನೆಗಳಿಗೆ ಒಳಪಟ್ಟಲ್ಲಿ ಗ್ರಾಮಾಂತರದ ಮೀಸಲಿಗೆ ಅರ್ಹ. ಎಲ್ಲೆಯಿಂದೀಚೆ ಸರಕಾರಿ ಶಾಲೆಯಲ್ಲಿ ಓದಿದ ಮಗುವು ಅನರ್ಹ. ನಕ್ಷೆಯ ಗೆರೆಯನ್ನಲ್ಲ, ಶಾಲೆಯ ಸ್ಥಿತಿಯನ್ನು ಅಳತೆಗೋಲಾಗಿ ಹಿಡಿಯತಕ್ಕದ್ದೆಂದು ನಾವು ಹೇಳುತ್ತೇವೆ.

ಹಾಗಾದರೆ ಪರೀಕ್ಷೆಯನ್ನೇ ಬಿಟ್ಟು ಅಭ್ಯರ್ಥಿಯ ಗುಣಶೀಲಗಳನ್ನು ನೋಡಬಾರದೇಕೆ ಎಂದು ಕೆಲವರು ಕೇಳುವರು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ನಾಲ್ಕು ವರ್ಷ ಪದವಿ ಓದುತ್ತ, ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತ, ಪ್ರಾಧ್ಯಾಪಕರ ಶಿಫಾರಸು ಪತ್ರಗಳನ್ನು ಕೂಡಿಸಿ, ಪ್ರವೇಶ ಪರೀಕ್ಷೆಯನ್ನೂ ಬರೆದು, ಸಂದರ್ಶನಕ್ಕೆ ಹೋಗುತ್ತಾರೆ. ರೋಗಿಯ ಮಗ್ಗುಲಲ್ಲಿ ನಿಂತು ನೋಡಿದವನು ತನ್ನ ಮನಸ್ಸನ್ನು ತಾನೇ ಅರಿಯುವನೆಂಬುದು ನಿಜ. ಆದರೆ ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ನಿಲ್ಲಲು ಬಿಡುವಿರುವುದು ಯಾರ ಮನೆಯ ಮಗನಿಗೆ ಎಂಬುದನ್ನೂ ಯೋಚಿಸಬೇಕು. ಇದಲ್ಲದೆ ಈ ಪ್ರಯೋಗ ನಮಗೆ ಹೊಸತೂ ಅಲ್ಲ. 1963ರಲ್ಲಿ ಅಂದಿನ ಮೈಸೂರು ಸರಕಾರವು ವೃತ್ತಿಶಿಕ್ಷಣ ಕಾಲೇಜುಗಳ ಆಯ್ಕೆಯಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಸಮಾಜಸೇವೆ, ಚರ್ಚೆ, ನಾಟಕ ಇವೆಲ್ಲ ಅದರ ಲೆಕ್ಕಕ್ಕೆ ಬರುತ್ತಿದ್ದವು. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆದರೆ 1980ರ ಅಜಯ್ ಹಾಸಿಯಾ ತೀರ್ಪಿನಲ್ಲಿ ಸಂದರ್ಶನಕ್ಕೆ ಶೇಕಡ 15ಕ್ಕಿಂತ ಹೆಚ್ಚು ಅಂಕ ಕೊಡುವುದು ಸ್ವೇಚ್ಛಾಚಾರವೆಂದಿತು. ಮುಂದೆ ಕರ್ನಾಟಕವು ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ತಂದಿತು. ಮುಚ್ಚಿದ ಕೋಣೆಯ ಅಂಕಗಳು ಎತ್ತ ವಾಲುತ್ತವೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ.

ಆದುದರಿಂದ ಪರೀಕ್ಷೆ ಇರಲಿ. ಆದರೆ ಅದರ ಮೇಲಣ ನಂಬಿಕೆಯೂ ಉಳಿಯಬೇಕಷ್ಟೆ. 2024ರ ನೀಟ್‌ನಲ್ಲಿ 1563 ಮಂದಿಗೆ ಕೊಟ್ಟ ಕೃಪಾಂಕಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಬಿಹಾರ, ಝಾರ್ಖಂಡ್‌ಗಳಲ್ಲಿ ಪ್ರಶ್ನಪತ್ರಿಕೆ ಸೋರಿತೆಂಬುದು ಹೊರಬಂದಿತು. ಅದೇ ಜುಲೈಯಲ್ಲಿ ನಮ್ಮ ಶಾಸನಸಭೆಯು ನೀಟ್ ಬೇಡವೆಂದು ನಿರ್ಣಯ ಕೈಗೊಂಡಿತು. ನಿರ್ಣಯದ ಹಿಂದಿನ ರೋಷ ನಮಗೂ ಉಂಟು. ಆದರೆ ಪರೀಕ್ಷೆಯ ಹೆಸರು ಬದಲಾದ ಮಾತ್ರಕ್ಕೆ ಸರಕಾರಿ ಪದವಿಪೂರ್ವ ಕಾಲೇಜಿನ ಹುಡುಗಿಗೆ ಆಗುವ ಲಾಭವೇನು? ತರಬೇತಿಯ ಅಂಗಡಿಗಳು ಮರುದಿನವೇ ಹಲಗೆ ಬದಲಿಸಿ ಬರೆಸುವವು. ನೀಟ್ ಪ್ರಶ್ನಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಕನ್ನಡದಲ್ಲಿ ಹತ್ತು ವರ್ಷ ಓದಿದವಳಿಗೆ ಅದಕ್ಕೆ ತಕ್ಕ ಬೋಧನೆ ಮುಂದಿನ ಎರಡು ವರ್ಷ ದೊರೆಯದಿದ್ದರೆ ಶೇಕಡ ಐದರ ಮೀಸಲೂ ಕಾಗದದ ಮೀಸಲೇ.

ವಿದ್ಯಾಭ್ಯಾಸದ ಇಲಾಖೆಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಭೌತಶಾಸ್ತ್ರದ ಉಪನ್ಯಾಸಕರ ಹುದ್ದೆ ಒಂದು ದಿನವೂ ಖಾಲಿಯಿರಕೂಡದು. ಈ ಪರೀಕ್ಷೆಯಲ್ಲಿ ಬಡವರ ಮಕ್ಕಳು ಹೆಚ್ಚಾಗಿ ಸೋಲುವುದು ಅಲ್ಲಿಯೇ ಎಂದು ನಮ್ಮ ಎಣಿಕೆ. ಸಂಜೆಯ ಹೊತ್ತು ಅದೇ ಕೊಠಡಿಗಳಲ್ಲಿ ಪ್ರವೇಶ ಪರೀಕ್ಷೆಯ ಪಾಠ ನಡೆಯಲಿ, ಪಾಠ ಹೇಳುವವರಿಗೆ ಸಂಭಾವನೆ ಸಲ್ಲಲಿ. ಒಂದನೆಯ ತರಗತಿಗೆ ಮಗುವನ್ನು ಸೇರಿಸಿಕೊಳ್ಳುವ ದಿನ ಮುಖ್ಯೋಪಾಧ್ಯಾಯರು ತಂದೆತಾಯಂದಿರ ಕೈಗೆ ಮೀಸಲಿನ ನಿಯಮಗಳನ್ನು ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಕೊಡಲಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಬೇಕಾದ ಸಹಿಗಳು ಹತ್ತನೆಯ ತರಗತಿ ಮುಗಿದೊಡನೆಯೇ ಬೀಳಲಿ. ಸೀಟು ಹಂಚುವ ವಾರದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮುಂದೆ ಕೂಲಿ ಬಿಟ್ಟು ನಿಲ್ಲುವ ತಂದೆಯನ್ನು ನಾವು ಮತ್ತೆ ಕಾಣುವಂತಾಗದಿರಲಿ.