ಸರ್ಕಾರ ಬೀಳುವುದು ಯಾರ ಮೇಲೆ?

ನಿಮಗೆ ಇದೆಲ್ಲ ಗೊತ್ತು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರು ಮುಂಬೈನ ಹೋಟೆಲಿನಲ್ಲಿ ಕೂತಿದ್ದಾಗ ನೀವು ತಟ್ಟೆ ಹಿಡಿದು ಟಿವಿ ಮುಂದೆ ಕೂತು, ಯಾರು ಉಳಿದರು ಯಾರು ಹೋದರು ಎಂದು ಕ್ರಿಕೆಟ್ ಸ್ಕೋರಿನಂತೆ ಲೆಕ್ಕ ಹಾಕಿದಿರಿ. 23ರ ಸಂಜೆ ವಿಶ್ವಾಸಮತದಲ್ಲಿ 99ಕ್ಕೆ 105 ಮತಗಳಿಂದ ರಾಜ್ಯ ಸರ್ಕಾರ ಬಿತ್ತು. ನೀವು ಚಾನೆಲ್ ಬದಲಾಯಿಸಿದಿರಿ. ಯಾವ ಪಕ್ಷ ಎಂದು ಕೇಳಬೇಡಿ. ಅದರ ಹಿಂದಿನ ವರ್ಷ ಬಿಡದಿಯ ರೆಸಾರ್ಟಿನಿಂದ ರಾತ್ರೋರಾತ್ರಿ ಶಾಸಕರನ್ನು ಹೈದರಾಬಾದಿನ ಬಸ್ಸು ಹತ್ತಿಸಿದವರು ಇನ್ನೊಂದು ಬಣದವರು.

ನಿಮಗೆ ಗೊತ್ತು, ಸರ್ಕಾರ ಅಲುಗಾಡತೊಡಗಿದರೆ ವಿಧಾನಸೌಧದ ಫೈಲುಗಳ ನಡಿಗೆಯೇ ಬದಲಾಗುತ್ತದೆ. ನಾಳೆ ಇರುತ್ತೇನೋ ಇಲ್ಲವೋ ಎನ್ನುವ ಮಂತ್ರಿ ಇವತ್ತೇ ಎಲ್ಲ ಮುಗಿಸಿಕೊಳ್ಳಲು ನೋಡುತ್ತಾನೆ. ಒಬ್ಬ ಶಾಸಕ ಮುನಿಸಿಕೊಂಡರೂ ಕುರ್ಚಿ ಹೋಗುವ ಮುಖ್ಯಮಂತ್ರಿ ಆ ಶಾಸಕ ಕೇಳಿದ ಇನ್‌ಸ್ಪೆಕ್ಟರನ್ನು, ತಹಶೀಲ್ದಾರನ್ನು, ನಿಗಮದ ಅಧ್ಯಕ್ಷಗಿರಿಯನ್ನು ಕೊಡದೆ ವಿಧಿಯಿಲ್ಲ. ದುಡ್ಡು ಸುರಿದು ಜಾಗ ಹಿಡಿದ ಅಧಿಕಾರಿ ಅದನ್ನು ಎಲ್ಲಿಂದಲೋ ಎತ್ತಲೇಬೇಕು. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ ಆ ಲೆಕ್ಕ ಕೊನೆಗೆ ಚುಕ್ತಾ ಆಗುವುದು ನಾಡಕಚೇರಿಯ ಕಿಟಕಿಯ ಮುಂದೆ, ಸಂಧ್ಯಾ ಸುರಕ್ಷಾ ಪಿಂಚಣಿ ಯಾಕೆ ನಿಂತಿತೆಂದು ಕೇಳಲು ಸೆರಗಿನ ತುದಿಯಲ್ಲಿ ಚಿಲ್ಲರೆ ಕಾಸು ಗಂಟು ಕಟ್ಟಿಕೊಂಡು ಬಂದ ಅಜ್ಜಿಯ ಹತ್ತಿರ. ನಾಳೆ ಬಾ ಅನ್ನುತ್ತಾರೆ. ಬರುತ್ತಾಳೆ. ನಾಡಿದ್ದೂ ಬರುತ್ತಾಳೆ. ಅವಳನ್ನು ಓಲೈಸಲು ಯಾರೂ ರೆಸಾರ್ಟು ಬುಕ್ ಮಾಡುವುದಿಲ್ಲ.

ನಿಮಗೆ ಬಳ್ಳಾರಿಯೂ ಗೊತ್ತು. 2004ರಿಂದ 2013ರೊಳಗೆ ಈ ರಾಜ್ಯ ಐವರು ಮುಖ್ಯಮಂತ್ರಿಗಳನ್ನು, ಎರಡು ಸಲ ರಾಷ್ಟ್ರಪತಿ ಆಳ್ವಿಕೆಯನ್ನು ಕಂಡಿತು. ಅದೇ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿದವು. ಗಟ್ಟಿ ಸರ್ಕಾರಗಳು ಕದಿಯುವುದಿಲ್ಲ ಎಂದಲ್ಲ, ಆದರೆ ಬೀಳುವ ಭಯದಲ್ಲಿರುವ ಸರ್ಕಾರಕ್ಕೆ ಕಳ್ಳನ ಕೈ ಹಿಡಿಯುವ ತ್ರಾಣವೂ ಉಳಿದಿರುವುದಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು, ಜಪ್ತಿಯಲ್ಲಿದ್ದಾಗಲೇ ಹಡಗು ಹತ್ತಿ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ರಸ್ತೆ ಬದಿಯ ಹೊಲಗಳಲ್ಲಿ ಜೋಳದ ಗರಿ ಕೆಂಪಾಗಿತ್ತು, ಮೆಣಸಿನ ಹೂ ಧೂಳು ಹೊತ್ತು ಉದುರಿತ್ತು, ಶಾಲೆಯಲ್ಲಿರಬೇಕಾದ ಮಕ್ಕಳು ತಾಯಂದಿರ ಪಕ್ಕ ಕೂತು ಸುತ್ತಿಗೆಯಲ್ಲಿ ಅದಿರು ಒಡೆದಿದ್ದರು. ಆ ಮಕ್ಕಳ ಕೆಮ್ಮು ಯಾವ ವಿಶ್ವಾಸಮತದ ಚರ್ಚೆಯಲ್ಲಿ ಕೇಳಿಸಿತು?

ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದಲೇ ಇದೆ. ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬರುವವರನ್ನು ಅದು ಏನೂ ಮಾಡಲಾರದು ಎನ್ನುವುದು 2008ರ ಆಪರೇಷನ್ ಕಮಲದಲ್ಲೇ ಎಲ್ಲರಿಗೂ ತಿಳಿಯಿತು. 2019ರಲ್ಲಿ 17 ಶಾಸಕರು ಅನರ್ಹರಾದರು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದೂ ಸ್ಪರ್ಧೆಗೆ ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ 13 ಮಂದಿ ಹೊಸದಾಗಿ ಸೇರಿದ ಪಕ್ಷದ ಟಿಕೆಟಿನಲ್ಲಿ ನಿಂತರು, 11 ಮಂದಿ ಗೆದ್ದರು. ಅವರನ್ನು ಗೆಲ್ಲಿಸಿದವರು ಕೆಟ್ಟವರಲ್ಲ. ಹಬ್ಬದಲ್ಲಿ ಪಕ್ಕದ ಮನೆಗೆ ಹೋಳಿಗೆ ಕಳಿಸುವವರು, ಸಾವಾದರೆ ಎಲ್ಲರಿಗಿಂತ ಮೊದಲು ಓಡಿಬರುವವರು, ಬಿದ್ದವರನ್ನು ಎತ್ತುವವರು. ಥೇಟ್ ನೀವೇ.

ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಮುಂದಿನ ಸಲ ನಡುದಾರಿಯಲ್ಲಿ ಬಿಟ್ಟುಹೋದವನು ಮತ ಕೇಳಲು ಬಂದಾಗ, ಅವನು ನಿಮ್ಮ ಜಾತಿಯವನೇ ಇರಲಿ, ನಿಮ್ಮ ಮಗಳ ಮದುವೆಗೆ ಬಂದು ಮುಯ್ಯಿ ಮಾಡಿ ಹೋದವನೇ ಇರಲಿ, ಹಾರ ತರುವ ಮೊದಲು ಅಂಗಳದಲ್ಲಿ ನಿಲ್ಲಿಸಿಕೊಂಡು ಕೇಳಿ. ಸಿಟ್ಟು ಬೇಡ, ಬೈಗುಳ ಬೇಡ. ಯಾಕೆ ಹೋದೆ, ಹೋಗುವ ಮೊದಲು ನಮ್ಮನ್ನು ಒಂದು ಮಾತು ಯಾಕೆ ಕೇಳಲಿಲ್ಲ, ಅಷ್ಟೇ ಕೇಳಿ. ಉತ್ತರ ಬರುವವರೆಗೆ ಒಳಗೆ ಕರೆಯಬೇಡಿ.