ಆ ಕಾಗದ ಇನ್ನೂ ಯಾಕ ಉಳದೈತಿ?

ಸದಾಶಿವನಗರದ, ಖಾನಾಪುರದ ಹಾಸ್ಟೆಲ್ ಗೆಳೆಯರೇ,

ಹದಿನಾರರಲ್ಲಿ ಜಾತ್ರೆಯ ಜಗಳದಾಗ ಕೇರಿ ಹುಡುಗನ ಹೆಸರು ಬರೀತಾರ. ಬಾಲನ್ಯಾಯ ಮಂಡಳಿ ಕೇಸು ಮುಗಿಸುತ್ತದೆ. ಇಪ್ಪತ್ತೆರಡಕ್ಕೆ ನೌಕರಿ ಬಂದರೆ ಠಾಣೆಯ ಹಳೇ ಕಾಗದ ಎದ್ದು ಕೂಡತೈತಿ. ಜಾತಿ ಸರ್ಟಿಫಿಕೇಟಿನ ಫೈಲು ಕೇಳಿದರೆ 'ಸಿಗವಲ್ದು' ಅನ್ನೋ ಕಚೇರಿಗಳಿಗೆ ಇದೊಂದು ಹೆಂಗ ಸಿಗತೈತಿ?

2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಓದಿರಿ. 18 ತುಂಬದವನ ತಪ್ಪು ಸಾಬೀತಾದರೂ ಮುಂದೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಅಪೀಲಿನ, ಇಲ್ಲವೇ ನಿಯಮದ ಅವಧಿ ಮುಗಿದ ಮೇಲೆ ದಾಖಲೆ ನಾಶಮಾಡಬೇಕು. ಘೋರ ಅಪರಾಧಕ್ಕೆ 16 ತುಂಬಿದವನನ್ನು ಮಕ್ಕಳ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿ ತಪ್ಪಿತಸ್ಥ ಎಂದಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. 74ನೇ ಕಲಮಿನಂತೆ ಮುಗಿದ ಕೇಸನ್ನು ನಡತೆ ಪ್ರಮಾಣಪತ್ರಕ್ಕೂ ಪೊಲೀಸರು ಬಯಲು ಮಾಡುವಂತಿಲ್ಲ. 2019ರಲ್ಲಿ ಇಂಥದೇ ಕಾರಣಕ್ಕೆ ಸಿಐಎಸ್‌ಎಫ್ ನೌಕರಿ ತಪ್ಪಿದ ಯುವಕನ ಪರವಾಗಿ ಸುಪ್ರೀಂ ಕೋರ್ಟು ನಿಂತಿತು.

ಕಾನೂನು ತಾನಾಗಿ ನಡೆದು ಕೇರಿಗೆ ಬರೂದಿಲ್ಲ. ಮಂಡಳಿಗೆ ಅರ್ಜಿ ಬರೀರಿ, ಸ್ವೀಕೃತಿ ಇಸಕೊಳ್ರಿ. 1987ರ ಕಾಯ್ದೆಯಂತೆ ಪರಿಶಿಷ್ಟರಿಗೆ ಸರ್ಕಾರಿ ವಕೀಲರ ನೆರವು ಪುಕ್ಕಟೆ.

1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಮನುಸ್ಮೃತಿಯನ್ನೇ ಸುಟ್ಟರು. ಈ ಕಾಗದ ನಾಶಮಾಡ್ರಿ ಅಂತ ಕಾನೂನೇ ಹೇಳೈತಿ. ಕೇಳಾಕ ಅಂಜಿಕೆ ಯಾಕ?

ಜೈ ಭೀಮ್.